ನೀರು ಒಡೆದ ಮೇಲೆ ಕಾಯಬೇಕೆ? ಒಂದು ಪ್ರಯೋಗದ ವಿಮರ್ಶೆ

ತುಮಕೂರಿನ ಅಂಚಿನ ಸತ್ಯಮಂಗಲದಲ್ಲಿ ದಿನ ತುಂಬಿದ ಗರ್ಭಿಣಿಯೊಬ್ಬರಿಗೆ ನಡುರಾತ್ರಿ ನೀರು ಒಡೆಯಿತು, ನೋವು ಮಾತ್ರ ಬಂದಿಲ್ಲ ಎಂದಿಟ್ಟುಕೊಳ್ಳಿ. ‘ನೋವು ಬರಲಿ, ಬೆಳಗ್ಗೆ ಹೋದರಾಯಿತು’ ಎನ್ನುತ್ತಾರೆ ಮನೆಯ ಹಿರಿಯರು. ‘ಈಗಲೇ ಹೊರಡಿ’ ಎನ್ನುತ್ತಾರೆ ಆಶಾ ಕಾರ್ಯಕರ್ತೆ. ಯಾರ ಮಾತು ಸರಿ?

ಭ್ರೂಣವನ್ನು ಸುತ್ತುವರಿದ ಪೊರೆಯು ಯೋನಿಯ ಬ್ಯಾಕ್ಟೀರಿಯಗಳಿಗೆ ತಡೆಗೋಡೆ. ದಿನ ತುಂಬಿದ ನೂರು ಗರ್ಭಿಣಿಯರಲ್ಲಿ ಸುಮಾರು ಎಂಟು ಮಂದಿಗೆ ನೋವಿಗೆ ಮೊದಲೇ ಅದು ಒಡೆಯುತ್ತದೆ. ಹೆಚ್ಚಿನವರಿಗೆ ಒಂದು ದಿನದೊಳಗೆ ನೋವು ತಾನಾಗಿ ಬರುತ್ತದೆ. ಅಲ್ಲಿಯವರೆಗೆ ಕಾಯಬೇಕೆ, ಔಷಧಿಯಿಂದ ಹೆರಿಗೆ ಆರಂಭಿಸಬೇಕೆ?

ಇದಕ್ಕೆ ಉತ್ತರ ಹುಡುಕಿದ ದೊಡ್ಡ ಪ್ರಯೋಗ ‘ಟರ್ಮ್‌ಪ್ರಾಮ್’. ಮೇರಿ ಹನ್ನಾ ಮತ್ತು ಸಂಗಡಿಗರು 1996ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. ಆರು ದೇಶಗಳ 72 ಆಸ್ಪತ್ರೆಗಳ 5,041 ಮಹಿಳೆಯರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಲಾಗಿತ್ತು. ಕೆಲವರಿಗೆ ತಕ್ಷಣ ಆಕ್ಸಿಟೋಸಿನ್ ಅಥವಾ ಪ್ರೋಸ್ಟಗ್ಲಾಂಡಿನ್ ಕೊಟ್ಟರು. ಉಳಿದವರಲ್ಲಿ ನಾಲ್ಕು ದಿನಗಳವರೆಗೆ ಕಾದರು. ಶಿಶುವಿನ ಸೋಂಕು ಎಲ್ಲ ಗುಂಪುಗಳಲ್ಲೂ ಶೇಕಡ 2ರಿಂದ 3ರೊಳಗೆ, ಸಿಸೇರಿಯನ್ ಸುಮಾರು ಶೇಕಡ 10. ತಾಯಿಯ ಗರ್ಭಕೋಶದ ಸೋಂಕು ಮಾತ್ರ ತಕ್ಷಣ ಆಕ್ಸಿಟೋಸಿನ್ ಪಡೆದವರಲ್ಲಿ ಶೇಕಡ 4, ಕಾದು ಅದನ್ನೇ ಪಡೆಯಬೇಕಿದ್ದ ಗುಂಪಿನಲ್ಲಿ ಶೇಕಡ 8.6. ‘ಔಷಧಿ ಕೊಟ್ಟರೆ ಸಿಸೇರಿಯನ್ ಖಚಿತ’ ಎಂಬ ನಂಬಿಕೆಗೆ ಇಲ್ಲಿ ಆಧಾರ ಸಿಗಲಿಲ್ಲ.

ಪ್ರಯೋಗದ ಮಿತಿಗಳನ್ನೂ ಗಮನಿಸಿ. ಯಾರಿಗೆ ಯಾವ ಕ್ರಮ ಎಂಬುದು ವೈದ್ಯರಿಗೆ ಗೊತ್ತಿತ್ತು. ಜ್ವರವನ್ನು ಸೋಂಕೆಂದು ಗುರುತಿಸುವಾಗ ಆ ಅರಿವು ಪ್ರಭಾವ ಬೀರಿರಬಹುದು. ಹೋಲಿಕೆ ನಡೆದದ್ದು ‘ತಕ್ಷಣ’ ಮತ್ತು ‘ನಾಲ್ಕು ದಿನ’ಗಳ ನಡುವೆ, ಆರು ಗಂಟೆಯೋ ಇಪ್ಪತ್ತನಾಲ್ಕು ಗಂಟೆಯೋ ಎಂಬುದಕ್ಕೆ ಉತ್ತರ ಅಲ್ಲಿಲ್ಲ. ಆ ದೇಶಗಳಲ್ಲಿ ಭಾರತವೂ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ತಪ್ಪು ಓದುಗರದು. ಶಿಶುವಿನ ಸೋಂಕಿನಲ್ಲಿ ‘ವ್ಯತ್ಯಾಸ ಕಾಣಲಿಲ್ಲ’ ಎಂಬುದನ್ನು ‘ವ್ಯತ್ಯಾಸ ಇಲ್ಲ’ ಎಂದು ಹಲವರು ಓದಿಕೊಂಡರು. 2017ರಲ್ಲಿ 23 ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಪರಾಮರ್ಶೆಯಲ್ಲಿ, ಬೇಗ ಹೆರಿಗೆ ಆರಂಭಿಸಿದರೆ ಶಿಶುವಿನ ಸೋಂಕೂ ಕಡಿಮೆ ಎಂಬ ಸೂಚನೆ ಕಂಡಿತು. ಆದರೆ ಪುರಾವೆ ಅಷ್ಟೇನೂ ಗಟ್ಟಿಯಲ್ಲ ಎಂದು ಅದೇ ಪರಾಮರ್ಶೆ ಎಚ್ಚರಿಸಿತು.

ಸತ್ಯಮಂಗಲದ ಮನೆಗೆ ಮರಳೋಣ. ಅಲ್ಲಿ ಇರುವುದು ಒಂದಲ್ಲ, ಎರಡು ಪ್ರಶ್ನೆ. ಆಸ್ಪತ್ರೆಗೆ ಯಾವಾಗ ಹೋಗಬೇಕು? ತಕ್ಷಣ. ನೀರು ಹಸಿರಾಗಿದೆಯೇ, ಹೊಕ್ಕುಳುಬಳ್ಳಿ ಜಾರಿದೆಯೇ, ಮಗುವಿನ ಎದೆಬಡಿತ ಹೇಗಿದೆ ಎಂಬುದನ್ನು ಮನೆಯಲ್ಲಿ ಸರಿಯಾಗಿ ನೋಡಲಾಗದು. ಟರ್ಮ್‌ಪ್ರಾಮ್‌ನ ಮುಂದಿನ ವಿಶ್ಲೇಷಣೆಯಲ್ಲೂ ಮನೆಯಲ್ಲಿ ಕಾದವರ ಶಿಶುಗಳಿಗೆ ಸೋಂಕು ಹೆಚ್ಚಿತ್ತು. ಹೆರಿಗೆಯನ್ನು ಯಾವಾಗ ಆರಂಭಿಸಬೇಕು ಎಂಬುದು ಎರಡನೆಯ ಪ್ರಶ್ನೆ. ಎಲ್ಲವೂ ಸರಿಯಿದ್ದರೆ ತಕ್ಷಣವೋ ಇಪ್ಪತ್ತನಾಲ್ಕು ಗಂಟೆ ಕಾದೋ ಎಂಬ ಆಯ್ಕೆಯನ್ನು ಬ್ರಿಟನ್ನಿನ ನೈಸ್ ಸಂಸ್ಥೆಯ 2021ರ ಮಾರ್ಗಸೂಚಿ ತಾಯಿಗೇ ಕೊಡುತ್ತದೆ. ಕಾಯುವಾಗ ಒಳಪರೀಕ್ಷೆ ಕಡಿಮೆಯಿದ್ದಷ್ಟೂ ಒಳ್ಳೆಯದು. ಅದು ಹೆಚ್ಚಿದಂತೆ ಸೋಂಕೂ ಹೆಚ್ಚುವುದು ಕಂಡುಬಂದಿದೆ.

ಶಿಕ್ಷಕರೇ, ‘ಕಾಣಲಿಲ್ಲ’ ಮತ್ತು ‘ಇಲ್ಲ’ ಎಂಬ ಎರಡು ಪದಗಳ ಅಂತರವನ್ನು ತರಗತಿಯಲ್ಲಿ ಚರ್ಚಿಸಿ. ಅಂಕಿಅಂಶಗಳ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ?