ಮೂಳೆ ಎಷ್ಟೆಂದು ಕೇಳುತ್ತೇವೆ, ಹೃದಯ ಎಲ್ಲಿದೆಯೆಂದು ಕೇಳುವುದಿಲ್ಲ

ಮನುಷ್ಯನ ದೇಹದಲ್ಲಿ ಮೂಳೆಗಳೆಷ್ಟು? 206. ಅತಿ ಉದ್ದದ ಮೂಳೆ? ತೊಡೆಯದು. ಅತಿ ಚಿಕ್ಕದು? ಕಿವಿಯೊಳಗಿನ ಸ್ಟೇಪಿಸ್. ಅತಿ ದೊಡ್ಡ ಗ್ರಂಥಿ? ಯಕೃತ್ತು. ಶಾಲೆಯ ರಸಪ್ರಶ್ನೆಯಿಂದ ಹಿಡಿದು ಕಾನ್‌ಸ್ಟೆಬಲ್, ಎಫ್‌ಡಿಎ ಹುದ್ದೆಗಳಿಗೆ ಓದುವವರು ಕೊಳ್ಳುವ ಕೈಪಿಡಿಗಳವರೆಗೆ, ದೇಹದ ಬಗೆಗಿನ ಸಾಮಾನ್ಯ ಜ್ಞಾನವೆಂದರೆ ಬಹುಮಟ್ಟಿಗೆ ಇಂಥ ಪ್ರಶ್ನೆಗಳೇ. ಉತ್ತರಗಳು ತಪ್ಪೆಂದು ನಾನು ಹೇಳುತ್ತಿಲ್ಲ. ನನ್ನ ತಕರಾರು ಇರುವುದು ಪ್ರಶ್ನೆಗಳ ಆಯ್ಕೆಯ ಮೇಲೆ. ಎಷ್ಟು, ಯಾವುದು ಅತಿ ದೊಡ್ಡದು ಎಂದು ಕೇಳುವ ಪರೀಕ್ಷೆ ನೆನಪನ್ನು ಅಳೆಯುತ್ತದೆಯೇ ಹೊರತು ದೇಹದ ತಿಳಿವಳಿಕೆಯನ್ನಲ್ಲ. ಒಂದು ಅಂಗ ಎಲ್ಲಿದೆ, ಅದರ ಮಗ್ಗುಲಲ್ಲಿ ಏನಿದೆ, ಅಲ್ಲಿರುವುದರಿಂದ ನಮಗೆ ಏನಾಗುತ್ತದೆ ಎಂಬುದೇ ಅಂಗರಚನೆಯ ತಿರುಳು. ವೈದ್ಯರಲ್ಲದವರ ಬದುಕಿಗೆ ಒದಗುವುದೂ ಅದೇ. ನಮ್ಮ ಪರೀಕ್ಷೆಗಳು ಕೈಬಿಟ್ಟಿರುವುದೂ ಅದನ್ನೇ.

ಈ ಪದ್ಧತಿಯ ಕಿರೀಟದಂತಿರುವ 206 ಎಂಬ ಸಂಖ್ಯೆಯನ್ನೇ ನೋಡೋಣ. ಹುಟ್ಟಿದ ಮಗುವಿನಲ್ಲಿ ಸುಮಾರು 300 ಬಿಡಿ ಮೂಳೆಗಳಿರುತ್ತವೆ. ಬೆಳೆಯುತ್ತ ಅವು ಬೆಸೆದುಕೊಳ್ಳುತ್ತವೆ. ಸೊಂಟದ ಹಿಂದಿನ ತ್ರಿಕಾಸ್ಥಿ ಐದು ಕಶೇರುಗಳು ಕೂಡಿ ಆದದ್ದು. ವಯಸ್ಕರ ಲೆಕ್ಕದಲ್ಲಿ ಅದು ಒಂದು. ಮಂಡಿಚಿಪ್ಪು ಸ್ನಾಯುರಜ್ಜುವಿನೊಳಗೆ ಬೆಳೆಯುವ ಮೂಳೆ, ಅದನ್ನು ಎಣಿಸುತ್ತೇವೆ. ಅದೇ ಜಾತಿಯ, ಕಾಲಿನ ಹೆಬ್ಬೆರಳ ಬುಡದ ಪುಟ್ಟ ಮೂಳೆಗಳನ್ನು ಎಣಿಸುವುದಿಲ್ಲ. ಕೆಲವರಿಗೆ ಒಂದು ಪಕ್ಕೆಲುಬು ಹೆಚ್ಚಿರುತ್ತದೆ. ಹಾಗಾಗಿ 206 ಎಂಬುದು ಒಂದು ಒಪ್ಪಂದ, ಉಪಯುಕ್ತವಾದ ಒಪ್ಪಂದ. ಇದನ್ನು ನಮ್ಮ ಪ್ರಾಚೀನರು ಇಂದಿನ ಕೈಪಿಡಿಗಳಿಗಿಂತ ಚೆನ್ನಾಗಿ ಅರಿತಿದ್ದರು. ಚರಕ ಸಂಹಿತೆ 360 ಎನ್ನುತ್ತದೆ, ಹಲ್ಲು ಮತ್ತು ಉಗುರುಗಳನ್ನೂ ಸೇರಿಸಿ. ಸುಶ್ರುತ ಸಂಹಿತೆ ಆ ಎಣಿಕೆಯನ್ನು ಉಲ್ಲೇಖಿಸಿಯೇ, ಶಸ್ತ್ರಚಿಕಿತ್ಸೆಯ ಶಾಸ್ತ್ರದಲ್ಲಿ 300 ಎಂದು ತನ್ನ ಲೆಕ್ಕವನ್ನು ಬೇರೆಯಾಗಿ ಇಡುತ್ತದೆ. ಎಣಿಸುವವನ ಉದ್ದೇಶ ಬದಲಾದರೆ ಎಣಿಕೆಯೂ ಬದಲಾಗುತ್ತದೆ ಎಂಬ ಅರಿವು ಅಲ್ಲಿದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಆ ಗ್ರಂಥ ಸಂಖ್ಯೆಗೆ ತೃಪ್ತಿಪಡುವುದಿಲ್ಲ. ಶವವನ್ನು ಹುಲ್ಲಿನಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಸಿ, ಮೆತ್ತಗಾದ ಮೇಲೆ ಪದರಪದರವಾಗಿ ಉಜ್ಜಿ ಒಳಗಿನದನ್ನೆಲ್ಲ ಕಣ್ಣಾರೆ ಕಾಣಬೇಕೆಂದು ವಿಧಿಸುತ್ತದೆ. ಓದಿದ್ದು, ಕಂಡದ್ದು ಎರಡೂ ಕೂಡಿದಾಗಲೇ ಜ್ಞಾನ ಎಂಬುದು ಅದರ ನಿಲುವು. ಯುರೋಪಿನಲ್ಲಿ ಅಂಗರಚನಾ ತಜ್ಞ ವೆಸೇಲಿಯಸ್ 1543ರ ತನ್ನ ಗ್ರಂಥದಲ್ಲಿ ಪ್ರಾಚೀನ ವೈದ್ಯ ಗೇಲನ್‌ನನ್ನು ತಿದ್ದಿದ್ದೂ ಹೀಗೆಯೇ. ಮನುಷ್ಯನ ಕೆಳದವಡೆ ಎರಡು ತುಂಡಲ್ಲ, ಒಂದೇ ಮೂಳೆ ಎಂದು ಅವನು ಹೇಳಿದ್ದು ಹಳೆಯ ಪುಸ್ತಕವನ್ನು ಉರುಹಚ್ಚಿ ಅಲ್ಲ, ದೇಹವನ್ನು ಬಿಡಿಸಿ ನೋಡಿ.

'ಅತಿ'ಗಳ ಪ್ರಶ್ನೆಗಳ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಅತಿ ಬಲವಾದ ಸ್ನಾಯು ಯಾವುದೆಂದರೆ ನಾಲಿಗೆ ಎಂಬ ಉತ್ತರ ಇನ್ನೂ ಓಡಾಡುತ್ತಿದೆ. ನಾಲಿಗೆ ಒಂದೇ ಸ್ನಾಯುವಲ್ಲ, ಹಲವು ಸ್ನಾಯುಗಳ ಕೂಟ. ಬಲವನ್ನು ಎಳೆತದಿಂದ ಅಳೆಯುತ್ತೀರೋ, ದಣಿಯದ ದುಡಿಮೆಯಿಂದ ಅಳೆಯುತ್ತೀರೋ ಎಂಬುದರ ಮೇಲೆ ಉತ್ತರವೂ ಬೇರೆಯಾಗುತ್ತದೆ.

ಇನ್ನು 'ಎಲ್ಲಿ' ಎಂಬ ಪ್ರಶ್ನೆ. ಬ್ರಿಟನ್ನಿನಲ್ಲಿ 1970ರಲ್ಲಿ ಬಾಯ್ಲ್ ಎಂಬ ವೈದ್ಯರು ರೋಗಿಗಳಿಗೆ ದೇಹದ ರೇಖಾಚಿತ್ರಗಳನ್ನು ಕೊಟ್ಟು, ಅಂಗದ ಜಾಗ ಸರಿಯಾಗಿರುವ ಚಿತ್ರವನ್ನು ಆರಿಸಲು ಹೇಳಿದರು. ಸುಮಾರು ನಲವತ್ತು ವರ್ಷಗಳ ಬಳಿಕ, 2009ರಲ್ಲಿ, ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಅದೇ ಬಗೆಯ ಪರೀಕ್ಷೆಯನ್ನು 700ಕ್ಕೂ ಹೆಚ್ಚು ಜನರ ಮೇಲೆ ಮಾಡಿದರು. ನಡುವೆ ಟೆಲಿವಿಷನ್ ಬೆಳೆದಿತ್ತು, ಅಂತರ್ಜಾಲ ಬಂದಿತ್ತು. ತಿಳಿವಳಿಕೆ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಹೃದಯದ ಜಾಗವನ್ನು ಸರಿಯಾಗಿ ಗುರುತಿಸಿದವರು ಅರ್ಧದಷ್ಟೂ ಇರಲಿಲ್ಲ. ಇದು ಬ್ರಿಟನ್ನಿನ ಮಾತು, ನಮಗೇಕೆ ಎನ್ನಬಹುದು. ಆದರೆ ಹೃದಯ ಎದೆಯ ಎಡಗಡೆ ಇದೆ ಎಂದು ನಮ್ಮಲ್ಲಿಯೂ ಮಕ್ಕಳಿಂದ ಮುದುಕರವರೆಗೆ ಕೈಯಿಟ್ಟು ತೋರಿಸುತ್ತೇವೆ. ಅದು ಇರುವುದು ಎದೆಯ ನಡುವೆ, ಎದೆಮೂಳೆಯ ಹಿಂದೆ, ಎಡಕ್ಕೆ ಹೆಚ್ಚು ವಾಲಿಕೊಂಡು. ಇದು ಪಂಡಿತರ ಸೂಕ್ಷ್ಮವಲ್ಲ. ಯಾರಾದರೂ ಕುಸಿದುಬಿದ್ದು ಉಸಿರು ನಿಂತಾಗ ಎದೆ ಒತ್ತಬೇಕಾದದ್ದು ಎದೆಮೂಳೆಯ ಕೆಳಗಿನ ಅರ್ಧದ ಮೇಲೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಹೃದಯ ಎಡಕ್ಕಿದೆ ಎಂದು ನಂಬಿದವರ ಕೈ ಎಡಪಕ್ಕೆಗೆ ಹೋಗುತ್ತದೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಹಠಾತ್ತನೆ ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ತಪಾಸಣೆಗಾಗಿ ಜನ ಮುಗಿಬಿದ್ದರು. ಹೃದಯದ ಬಗ್ಗೆ ನಮಗೆ ಭಯವಿದೆ, ಕಾಳಜಿಯೂ ಇದೆ. ಹೃದಯಾಘಾತದ ನೋವು ದವಡೆಗೆ, ಎಡತೋಳಿಗೆ, ಹೊಟ್ಟೆಯ ಮೇಲ್ಭಾಗಕ್ಕೆ ಹರಡಬಹುದೆಂಬುದು ಮಾತ್ರ ಎಷ್ಟೋ ಮನೆಗಳಿಗೆ ತಲುಪಿಲ್ಲ. ಅದನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಮಲಗುವುದು ಈ ಅಜ್ಞಾನಕ್ಕೆ ತೆರುವ ಬೆಲೆ.

ಜಾಗ ಗೊತ್ತಾದರೆ ಕಾರಣಗಳು ತಾವಾಗಿ ತೆರೆದುಕೊಳ್ಳುತ್ತವೆ. ಅಂಗರಚನೆ ಸೊಗಸಾಗುವುದೇ ಇಲ್ಲಿ. ಶ್ವಾಸನಾಳ ಎರಡಾಗಿ ಕವಲೊಡೆಯುವಲ್ಲಿ ಬಲಗವಲು ಎಡದ್ದಕ್ಕಿಂತ ಅಗಲ, ಗಿಡ್ಡ, ಹೆಚ್ಚು ನೆಟ್ಟಗೆ. ಅದಕ್ಕೇ ಮಗು ಕಡಲೆಬೀಜ ತಿನ್ನುತ್ತ ನಕ್ಕಾಗ ಉಸಿರಿನೊಂದಿಗೆ ಒಳಹೋದ ಬೀಜ ಹೆಚ್ಚಾಗಿ ಬಲಗಡೆ ಸಿಕ್ಕಿಕೊಳ್ಳುತ್ತದೆ. ಬಲ ಮೂತ್ರಪಿಂಡ ಎಡದ್ದಕ್ಕಿಂತ ಸ್ವಲ್ಪ ಕೆಳಗಿರುವುದೇಕೆ? ಮೇಲೆ ಯಕೃತ್ತು ಕುಳಿತಿದೆ. ಅಪೆಂಡಿಕ್ಸ್ ಇರುವುದು ಹೊಟ್ಟೆಯ ಬಲಕೆಳಗೆ, ನೋವು ಶುರುವಾಗುವುದು ಮಾತ್ರ ಸಾಮಾನ್ಯವಾಗಿ ಹೊಕ್ಕುಳ ಸುತ್ತ. ಕರುಳಿನಿಂದ ಹೊರಟ ನರಗಳೂ ಹೊಕ್ಕುಳ ಸುತ್ತಲಿನ ಚರ್ಮದ ನರಗಳೂ ಬೆನ್ನುಹುರಿಯಲ್ಲಿ ಒಂದೇ ಮಟ್ಟವನ್ನು ಸೇರುವುದರಿಂದ ಮಿದುಳಿಗೆ ಮೊದಲು ಜಾಗ ತಿಳಿಯುವುದಿಲ್ಲ. ಕೆಲವು ಗಂಟೆಗಳ ನಂತರ ಉರಿಯೂತ ಹೊಟ್ಟೆಯ ಒಳಪೊರೆಗೆ ತಗುಲಿದಾಗ ನೋವು ಬಲಕೆಳಗೆ ಇಳಿದು ನಿಲ್ಲುತ್ತದೆ. ಈ ಸ್ಥಳಾಂತರವನ್ನು ಗಮನಿಸಿ ವೈದ್ಯರಿಗೆ ಹೇಳಬಲ್ಲ ರೋಗಿ ಅರ್ಧ ಕೆಲಸ ಮುಗಿಸಿದಂತೆಯೇ. ಪಿತ್ತಕೋಶದ ತೊಂದರೆ ಬಲಭುಜದಲ್ಲಿ ನೋವಾಗಿ ಕಾಣಬಹುದು, ಏಕೆಂದರೆ ಅದರ ಮೇಲಿರುವ ವಪೆಯ ನರ ಹೊರಡುವುದು ಕುತ್ತಿಗೆಯಿಂದ. ಇವುಗಳಲ್ಲಿ ಒಂದೊಂದನ್ನೂ ಪ್ರಶ್ನೆಯಾಗಿಸಬಹುದು. ಒಂದೊಂದರ ಉತ್ತರವೂ 206ಕ್ಕಿಂತ ಹೆಚ್ಚು ದಿನ ಮನಸ್ಸಿನಲ್ಲಿ ಉಳಿಯುತ್ತದೆ, ಕಾರಣದ ಜೊತೆ ಬಂದದ್ದರಿಂದ.

ಲಕ್ಷಾಂತರ ಅಭ್ಯರ್ಥಿಗಳು ಬರೆಯುವ ಪರೀಕ್ಷೆಯಲ್ಲಿ ಯಂತ್ರ ತಿದ್ದಬಲ್ಲ, ವಿವಾದವಿಲ್ಲದ ಉತ್ತರವೇ ಬೇಕು, ಸಂಖ್ಯೆಗಳಿಗೆ ಆ ಅನುಕೂಲವಿದೆ ಎಂಬ ಆಕ್ಷೇಪ ಬರುತ್ತದೆ. ವಿವಾದವಿಲ್ಲದಿರುವುದು ಮುಖ್ಯ, ಒಪ್ಪುತ್ತೇನೆ. ಆದರೆ ಬಾಯ್ಲ್ ಕೊಟ್ಟದ್ದೂ ಬಹು ಆಯ್ಕೆಯ ಪ್ರಶ್ನೆಯನ್ನೇ. ನಾಲ್ಕು ರೇಖಾಚಿತ್ರ, ಒಂದು ಸರಿ ಉತ್ತರ. ಓಎಂಆರ್ ಹಾಳೆಗೆ ಇದರಿಂದ ಯಾವ ಅಡ್ಡಿಯೂ ಇಲ್ಲ. ವೈದ್ಯಕೀಯ ಕಾಲೇಜುಗಳೂ ತಮ್ಮ ವಿದ್ಯಾರ್ಥಿಗಳನ್ನು ಎಣಿಕೆ ಕೇಳಿ ತೇರ್ಗಡೆ ಮಾಡುವುದಿಲ್ಲ. ಸ್ಪಾಟರ್ ಪರೀಕ್ಷೆಯಲ್ಲಿ ಪಿನ್ನು ಚುಚ್ಚಿಟ್ಟ ಜಾಗವನ್ನು ಗುರುತಿಸಬೇಕು. ಒಳಗಿನ ಅಂಗದ ಅಂಚು ಚರ್ಮದ ಮೇಲೆ ಎಲ್ಲಿ ಬೀಳುತ್ತದೆಂದು ಗೆರೆ ಎಳೆದು ತೋರಿಸಬೇಕು. ಬಲ್ಲವರು ತಮ್ಮವರನ್ನು ಅಳೆಯಲು 'ಎಲ್ಲಿ' ಎಂಬುದನ್ನೇ ಬಳಸುತ್ತಿರುವಾಗ ಉಳಿದವರಿಗೆ 'ಎಷ್ಟು' ಸಾಕೆನ್ನುವುದು ನ್ಯಾಯವಲ್ಲ. ಇಲ್ಲಿ ಪರೀಕ್ಷೆ ಬರೆಯುವವರು ಯಾರೆಂಬುದನ್ನೂ ಮರೆಯಬಾರದು. ನಾಳೆ ರಸ್ತೆ ಅಪಘಾತದ ಸ್ಥಳಕ್ಕೆ ಎಷ್ಟೋ ಸಲ ಮೊದಲು ತಲುಪುವವರು ಇದೇ ಕಾನ್‌ಸ್ಟೆಬಲ್‌ಗಳು. ಕುತ್ತಿಗೆಗೆ ಪೆಟ್ಟಾದವನನ್ನು ಅಂಕೆಯಿಲ್ಲದೆ ಎತ್ತಿದರೆ ಬೆನ್ನುಹುರಿಗೆ ಏನಾದೀತೆಂಬುದು ಅವರಿಗೆ ಗೊತ್ತಿರಬೇಕು, ಸ್ಟೇಪಿಸ್‌ನ ಹೆಸರಿಗಿಂತ ಮೊದಲು.

ರಸಪ್ರಶ್ನೆ ಕುತೂಹಲದ ಬಾಗಿಲು, ಅದಕ್ಕೆ ಪಠ್ಯಕ್ರಮದ ಹೊರೆ ಹೊರಿಸಬೇಡಿ ಎಂಬ ಮಾತೂ ಇದೆ. ನನಗೆ ರಸಪ್ರಶ್ನೆಯ ಮೇಲೆ ಗೌರವವೇ ಇದೆ. ಚಂದನ ವಾಹಿನಿಯ 'ಥಟ್ ಅಂತ ಹೇಳಿ' ಕಾರ್ಯಕ್ರಮವನ್ನು ವರ್ಷಗಟ್ಟಲೆ ನಡೆಸಿಕೊಟ್ಟ ನಾ. ಸೋಮೇಶ್ವರ ಸ್ವತಃ ವೈದ್ಯರು, ಅಲ್ಲಿ ಬಹುಮಾನ ಪುಸ್ತಕಗಳು. ಒಂದು ಪ್ರಶ್ನೆ ಪುಸ್ತಕದ ಕಡೆಗೆ ಕೈಹಿಡಿದು ಕರೆದೊಯ್ಯಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಕೈಪಿಡಿಗಳಲ್ಲಿ ಬಾಗಿಲು ತೆರೆಯುವುದಿಲ್ಲ. ಉತ್ತರ ಬಂದೊಡನೆ ಮುಂದಿನ ಪ್ರಶ್ನೆ, ಅದೂ ಅಂಥದ್ದೇ. ಸ್ವಲ್ಪ ತಿಳಿದವರು ತಾವೇ ರೋಗ ನಿರ್ಧರಿಸಲು ಹೊರಡುತ್ತಾರೆಂಬ ಅಂಜಿಕೆ ಇನ್ನೂ ಗಟ್ಟಿಯಾದ ಆಕ್ಷೇಪ. ನಿಜ, ಅಂಥವರಿದ್ದಾರೆ. ಆದರೆ ಯಕೃತ್ತು ಎಲ್ಲಿದೆಯೆಂದು ಬಲ್ಲವನು ಅದರ ಚಿಕಿತ್ಸೆಗೆ ಇಳಿಯುವುದಿಲ್ಲ. ವೈದ್ಯರು ಹೇಳಿದ್ದನ್ನು ಅರ್ಥಮಾಡಿಕೊಳ್ಳುತ್ತಾನೆ, ಎದುರು ಪ್ರಶ್ನೆ ಕೇಳುತ್ತಾನೆ. ಆ ಪ್ರಶ್ನೆಗೆ ಎಡೆಯಿಲ್ಲದಿದ್ದಾಗ ಏನಾಗುತ್ತದೆಂಬುದನ್ನು ನಮ್ಮ ರಾಜ್ಯವೇ ಕಂಡಿದೆ.

ಕಳೆದ ದಶಕದಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಎಳೆವಯಸ್ಸಿನ ಲಂಬಾಣಿ ಹೆಂಗಸರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದ ಪ್ರಕರಣಗಳು ಬೆಳಕಿಗೆ ಬಂದವು. ತಪ್ಪು ಆ ಹೆಂಗಸರದಲ್ಲ, ಅವರ ಓದಿನ ಕೊರತೆಯದೂ ಅಲ್ಲ, ಕತ್ತಿ ಹಿಡಿದವರದು. ರೋಗ ಪತ್ತೆಯ ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಗರ್ಭಕೋಶ, ಅಂಡಾಶಯಗಳನ್ನು ತೆಗೆಯಲು ಒಪ್ಪಿಗೆಯಾಗದು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿತ್ತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಗಳನ್ನು ಅಳವಡಿಸಿಕೊಳ್ಳಲು 2023ರಲ್ಲಿ ರಾಜ್ಯಗಳಿಗೆ ಸೂಚಿಸಿತು. ಆದರೆ ಒಪ್ಪಿಗೆ ಎಂಬುದು ಕಾಗದದಿಂದ ಬದುಕಿಗೆ ಇಳಿಯಬೇಕಾದರೆ, ಗರ್ಭಕೋಶ ಬೇರೆ, ಅಂಡಾಶಯ ಬೇರೆ, ಮೊದಲನೆಯದು ಹೋದರೆ ಮುಟ್ಟು ನಿಲ್ಲುತ್ತದೆ, ಎರಡನೆಯವೆರಡೂ ಹೋದರೆ ಚಿಕ್ಕ ವಯಸ್ಸಿನಲ್ಲೇ ಮೂಳೆ ಸವೆಯತೊಡಗುತ್ತದೆ ಎಂಬುದು ಊರಿನಲ್ಲಿ ಹತ್ತು ಜನಕ್ಕಾದರೂ ತಿಳಿದಿರಬೇಕು. ವೈದ್ಯೆ, ಲೇಖಕಿ ಅನುಪಮಾ ನಿರಂಜನ ಈ ಕೆಲಸವನ್ನು ದಶಕಗಳ ಹಿಂದೆಯೇ ಕನ್ನಡದಲ್ಲಿ ಕೈಗೆತ್ತಿಕೊಂಡಿದ್ದರು. 'ಕೇಳು ಕಿಶೋರಿ', 'ತಾಯಿ ಮಗು' ಪುಸ್ತಕಗಳನ್ನು ಹೆಣ್ಣುಮಕ್ಕಳು ಓದಿದ್ದು ಅಂಕ ಗಳಿಸುವುದಕ್ಕಲ್ಲ, ತಮ್ಮ ದೇಹವನ್ನು ಅರಿಯುವುದಕ್ಕೆ. ಆ ತಿಳಿವಳಿಕೆ ನಮ್ಮ ಸಾಮಾನ್ಯ ಜ್ಞಾನದ ಪುಟಗಳಿಗೆ ಇನ್ನೂ ಬಂದಿಲ್ಲ. ಗರ್ಭಕೋಶ ತೆಗೆದರೆ ಅಂಡಾಶಯವೂ ಹೋಗಲೇಬೇಕೇ ಎಂಬ ಪ್ರಶ್ನೆಯನ್ನು ಮುಂದಿನ ಪಿಡಿಒ ಪರೀಕ್ಷೆಯಲ್ಲಿ ಕೇಳಲಿ. ಉತ್ತರಿಸುವವರು ಗಂಡಸರಾಗಿರಲಿ, ಹೆಂಗಸರಾಗಿರಲಿ, ಅದನ್ನು ಓದಿಕೊಂಡೇ ಪಂಚಾಯಿತಿ ಕಚೇರಿಗೆ ಕೆಲಸಕ್ಕೆ ಬರಲಿ.