ಕಿವಿಗೆ ಬರುವ ಡಾಕ್ಟರು

ಶ್ರೀರಾಂಪುರದಲ್ಲಿ ರಾತ್ರಿ ಹತ್ತಾದರೂ ಸದ್ದು ಅಡಗುವುದಿಲ್ಲ. ಮೇಲೆ ಮೆಟ್ರೊ, ಕೆಳಗೆ ಆಟೊ, ಗೋಡೆಯಾಚೆ ಪಕ್ಕದ ಮನೆಯ ಟಿ.ವಿ. ನಿದ್ದೆ ಬಾರದೆ ಹೊರಳಾಡುವವರು ಮೊದಲು ಒಂದು ಜೊತೆ ಇಯರ್‌ಫೋನ್ ಹುಡುಕಿಕೊಳ್ಳಿ. ನಾನೀಗ ಹೇಳಹೊರಟಿರುವುದು ಸದ್ದಿನಿಂದಲೇ ಹಿತ ಕೊಡುವ ಒಂದು ಕಲೆಯನ್ನು; ಎಡಕಿವಿಯ ಸದ್ದು ಬೇರೆ, ಬಲಕಿವಿಯದು ಬೇರೆಯಾಗಿ ಕೇಳದಿದ್ದರೆ ಅದು ದಕ್ಕದು.

ಪಿಸುಮಾತು, ಮೆಲುಸದ್ದು, ನಿಧಾನವಾದ ಕೈಚಲನೆಗೆ ಕೆಲವರ ನೆತ್ತಿಯಿಂದ ಬೆನ್ನಿಗೆ ಹಿತವಾಗಿ ಜುಮ್ಮೆನ್ನುತ್ತದೆ. 2010ರಲ್ಲಿ ಅಮೆರಿಕದ ಜೆನಿಫರ್ ಅಲೆನ್ ಇದಕ್ಕೆ ಎಎಸ್‌ಎಂಆರ್ ಎಂದು ಹೆಸರಿಟ್ಟರು. ಇದಕ್ಕೆಂದೇ ಮಾಡುವ ವಿಡಿಯೊಗಳಲ್ಲಿ ಡಾಕ್ಟರ ತಪಾಸಣೆಯ ನಟನೆ ದೊಡ್ಡ ಕವಲು. ಹೊಸಬರು ಮಿದುಳಿನ 12 ಜೊತೆ ನರಗಳ ಪರೀಕ್ಷೆಯಿಂದ ಶುರುಮಾಡಿ. ನಿಜವಾದ ಪರೀಕ್ಷೆಯ ಕ್ರಮವೇ ಇಲ್ಲಿ ಕಥೆ: ಕಾಫಿಪುಡಿಯ ವಾಸನೆ, ಕಣ್ಣಲ್ಲೇ ಹಿಂಬಾಲಿಸುವ ಬೆರಳು, ಪುಟ್ಟ ಟಾರ್ಚು, ಕೆನ್ನೆಗೆ ಸೋಕುವ ಹತ್ತಿ, ಕಿವಿಯ ಬಳಿ ಟ್ಯೂನಿಂಗ್ ಫೋರ್ಕು, ಆಮೇಲೆ ಭುಜ ಎತ್ತುವುದು, ನಾಲಿಗೆ ಚಾಚುವುದು.

ಗಮನವಿಡಬೇಕಾದದ್ದು ಮುಟ್ಟುವ ಮೊದಲಿನ ಗಳಿಗೆಯ ಮೇಲೆ. ‘ಈಗ ಹಣೆ ಮುಟ್ಟಿ ನೋಡ್ತೀನಿ, ಆಯ್ತಾ?’ ಎಂದು ಹೇಳಿ, ಒಂದು ಉಸಿರಿನಷ್ಟು ಹೊತ್ತು ತಡೆದು, ಆಮೇಲೆ ಕೈ ಚಾಚುವವರು ಪಳಗಿದವರು. ಜುಮ್ಮೆನ್ನುವುದು ಆ ತಡೆಯಲ್ಲೇ. ಕೈಗವಸಿನ ಚರಚರ, ಕಾಗದದ ಮೇಲೆ ಪೆನ್ನು ಸರಿಯುವ ಸದ್ದು, ನಡುವಿನ ಮೌನ, ಇವಕ್ಕೂ ಅವರು ಜಾಗ ಬಿಡುತ್ತಾರೆ. ಬರೀ ಪಿಸುಮಾತನ್ನೇ ನೆಚ್ಚಿದವರು ಬೇಗ ಬೇಸರ ತರಿಸುತ್ತಾರೆ. ರೋಗ ಪತ್ತೆಹಚ್ಚಿ ಗಾಬರಿಪಡಿಸುವ ಕಥೆಯಂತೂ ನನಗೆ ಸೇರದು. ಹೆಜ್ಜೆಹೆಜ್ಜೆಗೂ ‘ಚೆನ್ನಾಗಿದೆ, ಏನೂ ತೊಂದರೆಯಿಲ್ಲ’ ಎನ್ನುವುದರಲ್ಲೇ ಇದರ ಸುಖವಿದೆ. ಬೆಳಿಗ್ಗೆಯಿಂದ ಚೀಟಿ ಹಿಡಿದು ಕಾದು, ಡಾಕ್ಟರ ಮುಖವನ್ನು ಎರಡು ನಿಮಿಷ ಕಂಡು ಬಂದವರಿಗೆ, ಅರ್ಧ ಗಂಟೆ ತಮ್ಮೊಬ್ಬರನ್ನೇ ವಿಚಾರಿಸಿಕೊಳ್ಳುವ ದನಿ ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ.

ಇದು ಬರೀ ಕಲ್ಪನೆಯಲ್ಲ. 2018ರಲ್ಲಿ ಪ್ರಕಟವಾದ ಶೆಫೀಲ್ಡ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ, ಹೀಗೆ ಜುಮ್ಮೆನ್ನುವವರ ಎದೆಬಡಿತ ನಿಮಿಷಕ್ಕೆ ಸರಾಸರಿ 3ರಷ್ಟು ಇಳಿದಿತ್ತು. ಎಲ್ಲರಿಗೂ ಹಾಗಾಗುವುದಿಲ್ಲ. ಆಗದಿದ್ದರೆ ನಿಮ್ಮಲ್ಲೇನೂ ಕೊರತೆಯಿಲ್ಲ. ಹಾಗೆಯೇ ಇದು ಚಿಕಿತ್ಸೆಯೂ ಅಲ್ಲ. ಕೈಕಾಲು ನಿಜವಾಗಿಯೇ ಜೋಮು ಹಿಡಿಯುತ್ತಿದ್ದರೆ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ ಹತ್ತಿರದಲ್ಲೇ ಇದೆ.

ದನಿ ಹಿತವಾಗಿದ್ದರೆ ಸಾಕು, ಭಾಷೆ ಯಾವುದಾದರೇನು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ‘ಎಲ್ಲಿ, ಆ ಅನ್ನಿ’, ‘ಉಸಿರು ಎಳ್ಕೊಳ್ಳಿ, ಹಾಂ, ಬಿಡಿ’ ಎಂಬ ಮಾತುಗಳು ಚಿಕ್ಕಂದಿನಿಂದ ನಮ್ಮ ಮೈಗೆ ಅಂಟಿಕೊಂಡಿವೆ. ತಾಳ್ಮೆಯುಳ್ಳ ಕನ್ನಡದ ದನಿಗಳು ಈ ಕೆಲಸಕ್ಕೆ ಬರಬೇಕು. ಒಳ್ಳೆಯ ಮೈಕು, ಒಂದು ಉಂಡೆ ಹತ್ತಿ, ಬಾಗಿಲು ಮುಚ್ಚಿದ ಕೋಣೆ ಇದ್ದರಾಯಿತು. ಮಾಡುವವರಲ್ಲಿ ಒಂದೇ ಬೇಡಿಕೆ: ಪೂರ್ತಿ ಅರ್ಧ ಗಂಟೆಯದನ್ನೇ ಮಾಡಿ, ನಡುವೆ ಜಾಹೀರಾತು ತುರುಕಬೇಡಿ.