ಸುತ್ತುವುದು ಚೆಂದ, ತೊಳೆಯುವುದು ಬಾಕಿ

ರೋಹಿಣಿ ಮಳೆ ಹತ್ತಿರ ಬಂತೆಂದರೆ ಯೆಣೆಗೂರ, ಉಮರ್ಗಾ, ನಿಲಂಗಾ ಕಡೆ ಬೇಸಿಗೆಯ ಕಾಯಿಪಲ್ಲೆಗೆ ಹಾಸಿದ ಡ್ರಿಪ್ ನಳಿಗಳನ್ನು ಎತ್ತಿಡುವ ಹೊತ್ತು. ಸೋಯಾ, ತೊಗರಿ ಬಿತ್ತಲು ನೆಲ ತೆರವಾಗಬೇಕು. ಸುತ್ತುವ ಕೆಲಸ ಚೊಕ್ಕಟ: ನಳಿ ಮಡಚಿ ಮುರಿಯದಂತೆ ದೊಡ್ಡ ಸುರುಳಿ, ಹಗ್ಗದ ಕಟ್ಟು, ನೆರಳಿನ ಜಾಗ. ಇಲಿ, ಅಳಿಲಿನ ಹಲ್ಲಿಗೆ ಸಿಗದಂತೆ ಜಂತಿಗೆ ತೂಗುಹಾಕುವುದಂತೂ ನಿಜವಾದ ಜಾಣತನ. ಈ ಪದ್ಧತಿಯ ದೋಷವಿರುವುದು ನಳಿಯ ಒಳಗೆ.

ಬೋರಿನ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದು, ತೊಳೆಯದೆ ಸುತ್ತಿದರೆ, ಉಳಿದ ನೀರು ಆರಿ ಸುಣ್ಣ ಡ್ರಿಪ್ಪರಿನ ಸಣ್ಣ ದಾರಿಯಲ್ಲೇ ಗಟ್ಟಿಯಾಗುತ್ತದೆ. ಪಾಚಿ, ರಾಡಿ, ಕರಗದ ಗೊಬ್ಬರ ಅದಕ್ಕೆ ಕೂಡಿಕೊಳ್ಳುತ್ತವೆ. ತಾಸಿಗೆ 4 ಲೀಟರ್ ಬಿಡಬೇಕಾದ ಡ್ರಿಪ್ಪರ್ ಮುಂದಿನ ಹಂಗಾಮಿಗೆ 2 ಲೀಟರಿಗೆ ಇಳಿದರೂ ಕಣ್ಣಿಗೆ ಗೊತ್ತಾಗದು. ಗಿಡ ಬಾಡಿದ ಮೇಲೆ ನಳಿಗೆ ಮೊಳೆ ಚುಚ್ಚುತ್ತಾರೆ. ಅಲ್ಲಿಗೆ ಅಳೆದು ಕೊಡುವ ನೀರಾವರಿ ಮುಗಿಯಿತು.

ಚಳಿ ದೇಶಗಳಲ್ಲಿ ಪ್ರವಾಸದ ಕ್ಯಾಂಪರ್ ಗಾಡಿ ಇಟ್ಟುಕೊಂಡವರು ಚಳಿಗಾಲದ ಮುಂಚೆ ಅದರ ಟಾಕಿ, ನಳಿ, ಪಂಪು ಪೂರ್ತಿ ಬರಿದು ಮಾಡುತ್ತಾರೆ. ಹೆಪ್ಪುಗಟ್ಟುವ ನೀರು ಸುಮಾರು 9 ಪ್ರತಿಶತ ಹಿಗ್ಗಿ ನಳಿ ಸೀಳುತ್ತದೆ. ಹಾನಿ ಎದ್ದು ಕಾಣುವುದರಿಂದ ಅಲ್ಲಿ ಶಿಸ್ತು ಬಿಗಿ. ನಮ್ಮ ಹಾನಿ ನಿಧಾನ. ಅದಕ್ಕೇ ನಮ್ಮ ಶಿಸ್ತು ಸಡಿಲ.

ಪಂಪು ನಡೆದಿರುವಾಗಲೇ ತೊಳೆಯಬೇಕು. ಮೊದಲು ಫಿಲ್ಟರ್, ಆಮೇಲೆ ಮೇನ್ ಲೈನ್, ಸಬ್‌ಮೇನಿನ ಫ್ಲಶ್ ವಾಲ್ವ್, ಕಡೆಗೆ ಲ್ಯಾಟರಲ್‌ಗಳ ಎಂಡ್ ಕ್ಯಾಪ್. ಕ್ಯಾಪುಗಳನ್ನು ಕೆಲವೇ ಸಾಲುಗಳಂತೆ ಬಿಚ್ಚಬೇಕು, ಎಲ್ಲ ಒಟ್ಟಿಗೆ ಬಿಚ್ಚಿದರೆ ರಾಡಿ ತಳ್ಳುವ ಒತ್ತಡ ಉಳಿಯದು. ಸುಣ್ಣ ಕಟ್ಟಿದ್ದರೆ ಆಸಿಡ್ ಬಿಡಬೇಕು. ಕೊನೆಯ ಡ್ರಿಪ್ಪರಿನ ನೀರಿನ ಪಿಎಚ್ ಸುಮಾರು 4ಕ್ಕೆ ಬಂದ ಮೇಲೆ 24 ತಾಸು ನಿಲ್ಲಿಸಿ, ಮತ್ತೆ ತೊಳೆಯಬೇಕು. ಆಸಿಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡಿಗೆ ಹಾಕಬಾರದು. ಪಾಚಿಗೆ ಬಳಸುವ ಬ್ಲೀಚಿಂಗ್ ಪುಡಿ ಅದರ ಜೊತೆ ಎಂದೂ ಸೇರಬಾರದು; ಏಳುವ ಕ್ಲೋರಿನ್ ಅನಿಲ ಜೀವಕ್ಕೆ ಕುತ್ತು.

ಕೇಂದ್ರದ ಯೋಜನೆಯಲ್ಲಿ ಡ್ರಿಪ್ ಹಾಕಿಸಲು ಸಣ್ಣ, ಅತಿಸಣ್ಣ ರೈತರಿಗೆ 55 ಪ್ರತಿಶತ, ಉಳಿದವರಿಗೆ 45 ಪ್ರತಿಶತ ಸಹಾಯಧನವಿದೆ. ಹಾಕಿಸಿದ್ದನ್ನು ಉಳಿಸಿಕೊಳ್ಳುವ ಪಾಠ ಅಷ್ಟೇ ಮುತುವರ್ಜಿಯಿಂದ ಹೊಲಕ್ಕೆ ಬರಬೇಕಿತ್ತು. 2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ರೈಲಿನಲ್ಲಿ ಲಾತೂರಿಗೆ ಕುಡಿಯುವ ನೀರು ತಂದ ಸೀಮೆ ಇದು. ಇಲ್ಲಿ ಕಟ್ಟಿಕೊಂಡ ನಳಿಯನ್ನು ಸಣ್ಣ ಸಂಗತಿ ಎನ್ನಲಾಗದು.

ಈ ಸಲ ಪಂಪು ಬಂದ್ ಮಾಡುವ ಮುಂಚೆ ಕೊನೆಯ ಸಾಲಿನ ಕ್ಯಾಪ್ ಬಿಚ್ಚಿ, ನೀರು ತಿಳಿಯಾಗುವ ತನಕ ನಿಂತು ನೋಡಿ. ಸುತ್ತುವ ಕೆಲಸ ಆಮೇಲೆ ಇಟ್ಟುಕೊಳ್ಳಿ.